ತೂತಿನ ಗೋಡೆ

ಅಣ್ಣನ ಹೊಲಿಗೆ ಕಾರ್ಖಾನೆಯ ಹೊಸ ಕಟ್ಟಡಕ್ಕೆ ನಕ್ಷೆ ಬರೆದವಳು ಅವನ ತಂಗಿ. ಅವತ್ತಿನಿಂದ ಅವಳಿಗೆ ತೂತಮ್ಮ ಅನ್ನೋ ಅಡ್ಡಹೆಸರು ಅಂಟಿಕೊಂಡಿತು. ಮತ್ತೇನು, ಗಾಳಿ ಬೀಸೋ ಕಡೆಯ ಗೋಡೆಯನ್ನ ಇಟ್ಟಿಗೆ ಬಿಟ್ಟು ಬಿಟ್ಟು ಜಾಲರಿ ಥರ ಕಟ್ಟಿಸಿದರೆ ಜನ ಸುಮ್ಮನಿರ್ತಾರಾ? ಗೋಡೆಯಿಂದ ತಂಪು ಗಾಳಿ ಒಳಗೆ, ಸೂರಿನ ಕಿಂಡಿಯಿಂದ ಬಿಸಿಗಾಳಿ ಹೊರಗೆ, ಏಸಿ ಬೇಡವೇ ಬೇಡ ಅಂತ ಅವಳು ಎದೆ ತಟ್ಟಿ ಹೇಳಿದ್ದಳು.

ಹೊಸ ಕಟ್ಟಡದಲ್ಲಿ ಹೊಲಿಗೆ ಶುರುವಾಗಿ ವಾರ ಕಳೆದಿರಲಿಲ್ಲ, ಅಣ್ಣನ ಫೋನು. “ಬಂದು ನೋಡು ನಿನ್ನ ಘನಂದಾರಿ ಕೆಲಸ! ಒಳಗೆ ಎಲ್ಲರೂ ಬೆಂದು ಹೋಗ್ತಿದ್ದಾರೆ. ನಾಳೆ ತೂತಿಗೆಲ್ಲ ಸಿಮೆಂಟು ಮೆತ್ತಿಸಿ ಏಸಿ ಹಾಕಿಸ್ತೀನಿ.”

ಓಡಿ ಬಂದಳು. ಹೊಲಿಯೋ ಹೆಂಗಸರ ಬೆನ್ನೆಲ್ಲ ಬೆವರಲ್ಲಿ ತೊಯ್ದು ತೊಪ್ಪೆ. ಬಟ್ಟೆ ಕತ್ತರಿಸೋ ಮೇಜಿನ ಯಜಮಾನಿ ಅಣ್ಣ ತಂಗಿಯರ ಚಿಕ್ಕಮ್ಮ. “ನಿನ್ನ ಮಾತು ನಂಬಿ ಕೆಟ್ವಿ ಕಣೇ” ಅಂದಳು. ತಂಗಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೋಡೆಯ ತೂತಿಗೆ ಕೈಯೊಡ್ಡಿದಳು. ಒಂದೆಳೆ ಗಾಳಿಯಿಲ್ಲ. ಬಗ್ಗಿ ನೋಡಿದರೆ ಆಚೆ ಬದಿ ಏನೋ ನೀಲಿ ಬಣ್ಣ.

ಹೊರಗೆ ಹೋಗಿ ನೋಡಿದಳು. ಅಯ್ಯೋ ಪುಣ್ಯಾತ್ಮ! ಇಡೀ ಗೋಡೆ ಮುಚ್ಚುವಷ್ಟು ದೊಡ್ಡ ಫ್ಲೆಕ್ಸು. ಅದರಲ್ಲಿ ಹಲ್ಲು ಕಿರಿದು ಕೈಮುಗಿದು ನಿಂತ ಅಣ್ಣ. ಕೆಳಗೆ, ‘ಗಾಳಿ ಬೆಳಕಿನ ಮಾದರಿ ಕಟ್ಟಡ’.

“ತೆಗೆಸು ಇದನ್ನ” ಅಂದಳು, ಹಿಂದೆಯೇ ಬಂದ ಅಣ್ಣನಿಗೆ.

“ಹುಚ್ಚಾ? ಈಗ ಮಾದರಿ ಕಟ್ಟಡ ಅಂತ ಬಹುಮಾನ ಕೊಡೋರು ಬರ್ತಾರೆ.”

“ಅವರು ಹೋದಮೇಲೆ?”

“ತೆಗೆಯೋದ್ಯಾಕೆ? ರಸ್ತೆಗೆ ಕಾಣೋ ಗೋಡೆ ಇದೊಂದೇ. ಒಳಗೆ ಹೇಗೂ ಏಸಿ ಬರುತ್ತಲ್ಲ.”

ಅವಳಿಗೆ ಮೈಯೆಲ್ಲ ಉರಿದು ಹೋಯಿತು. ಬಣ್ಣದವರು ಬಿಟ್ಟುಹೋಗಿದ್ದ ಏಣಿಯನ್ನ ಎಳೆದು ತಂದು ಗೋಡೆಗೆ ಒರಗಿಸಿದಳು.

“ಅದನ್ನ ಮುಟ್ಟಿದರೆ ನೀನು ನನ್ನ ತಂಗಿಯೇ ಅಲ್ಲ!”

“ಬೇಡ ಬಿಡು. ಕಟ್ಟಡ ಕಟ್ಟಿಸಿದವಳಂತೂ ನಾನೇ ತಾನೇ?”

ಅಷ್ಟರಲ್ಲಿ ಚಿಕ್ಕಮ್ಮ ಹೊರಗೆ ಬಂದಳು, ಕೈಯಲ್ಲಿ ಅವಳ ದೊಡ್ಡ ಕತ್ತರಿ. ಬಟ್ಟೆ ಬಿಟ್ಟು ಕಾಗದಕ್ಕೂ ತಾಕಿಸದ ಕತ್ತರಿ ಅದು. ಯಾರಾದರೂ ದಾರದ ಪೊಟ್ಟಣ ಬಿಚ್ಚೋಕೆ ಎತ್ತಿಕೊಂಡರೂ ಸಾಕು, ಗ್ರಹಚಾರ ಬಿಡಿಸುತ್ತಿದ್ದಳು.

“ಮೊಂಡಾದರೆ ಆಗಲಿ. ಹಿಡಿ, ಕತ್ತರಿಸು.”

“ಚಿಕ್ಕಮ್ಮಾ, ನೀನೂನಾ?”

“ಹೂಂ ಕಣೋ, ನಾನೂನೇ. ನೀನು ಒಂದು ಗಳಿಗೆ ಒಳಗೆ ಕೂತು ನೋಡು, ಗೊತ್ತಾಗುತ್ತೆ.”

ತಂಗಿ ಏಣಿ ಹತ್ತಿ ಫ್ಲೆಕ್ಸಿನ ಅಂಚಿಗೆ ಕತ್ತರಿ ಇಟ್ಟಳು. ಸರ್ರನೆ ಸೀಳಿತು. ಗಾಳಿ ನುಗ್ಗಿತು ನೋಡಿ, ಒಳಗೆ ಮೇಜಿನ ಮೇಲಿದ್ದ ಬಟ್ಟೆ ತುಂಡುಗಳೆಲ್ಲ ಹಾರಿ, ಹಿಡೀರೇ ಹಿಡೀರೇ ಅಂತ ಹೆಂಗಸರು ಕೂಗಾಡಿ ನಕ್ಕರು. ಅವಳ ಕಣ್ಣು ತುಂಬಿ ಬಂತು. ಏಣಿಯಲ್ಲಿ ಇನ್ನೂ ಮೇಲಕ್ಕೆ ಹತ್ತಿದಳು.

ಗೇಟಿನ ಹತ್ತಿರ ಅತಿಥಿಗಳ ಕಾರು ನಿಂತಿತು. ಅಣ್ಣನ ದನಿ ಇಳಿಯಿತು. “ಮುಖ ಒಂದನ್ನಾದರೂ ಬಿಡೇ, ಮಾರಾಯ್ತಿ!”

“ನಿನ್ನ ಮುಖದ ಹಿಂದೇನೇ ಅಣ್ಣಾ ಜಾಸ್ತಿ ತೂತಿರೋದು” ಅಂದಳು. ಕತ್ತರಿ ನಿಲ್ಲಿಸಲಿಲ್ಲ.