ಹೆಣಗಳಿಗೆ ಅಪ್ಪಣೆ

ನನ್ನ ಗಂಡ ವಾರವಿಡೀ ಊರಿನವರಿಗೆ ಹಲ್ಲಿನ ಸೆಟ್ಟು ಮಾಡುತ್ತಿದ್ದರು, ಭಾನುವಾರ ಮಧ್ಯಾಹ್ನ ಹೆಣ ಎಬ್ಬಿಸುತ್ತಿದ್ದರು. ಗಾಬರಿ ಬೇಡ, ಅದು ಆಟ. ಹಲ್ಲಿನ ಅಚ್ಚು ತೆಗೆಯುವ ಉದ್ದ ಮೇಜನ್ನು ಒರೆಸಿ ಮೂವರು ಗಂಡಸರು ಸುತ್ತ ಕೂರುತ್ತಿದ್ದರು. ಬೀಗ ರಿಪೇರಿ ಮಾಡುವ ನಮ್ಮ ಭಾವ, ಅಂದರೆ ಇವರ ಅಣ್ಣ, ಕಥೆ ನಡೆಸುವವರು. "ಎದುರಿಗೆ ಪಾಳು ಕೋಟೆ ಇದೆ. ಒಳಗಿಂದ ಏನೋ ಗುರುಗುಟ್ತಿದೆ. ಏನ್ಮಾಡ್ತೀರಿ?" ಎಂದು ಕೇಳುತ್ತಾರೆ. ಉಳಿದಿಬ್ಬರು ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕರೆಂಟ್ ಕಂಬ ಹತ್ತುವ ಲೈನ್‌ಮನ್ ಅದರಲ್ಲಿ ಕತ್ತಿ ಹಿಡಿದ ವೀರ. ನನ್ನ ಗಂಡ ಸತ್ತವರನ್ನು ಎಬ್ಬಿಸಿ ಆಳುಗಳಂತೆ ದುಡಿಸಿಕೊಳ್ಳುವ ಮಾಂತ್ರಿಕ. ಅಚ್ಚಿಗೆ ಕಲಸಿ ಮಿಕ್ಕ ಪ್ಲಾಸ್ಟರಿನಲ್ಲಿ ಬೆರಳುದ್ದದ ಅಸ್ಥಿಪಂಜರಗಳನ್ನು ಮಾಡಿ, ಒಂದೊಂದಕ್ಕೂ ಹಲ್ಲು ಕೊರೆದಿದ್ದರು. ಕಸುಬು ಬಿಟ್ಟೀತೇ.

ನಾನು ಆಡುತ್ತಿರಲಿಲ್ಲ. ಚಹಾ ತಂದಿಟ್ಟು, ಬಾಗಿಲಿಗೆ ಒರಗಿ, "ಸತ್ತವರ ಮೇಲೆ ತೋರಿಸೋ ಕಾಳಜೀಲಿ ಕಾಲು ಭಾಗನಾದ್ರೂ ಬದುಕಿರೋ ಹೆಂಡ್ತಿ ಮೇಲೆ ತೋರಿಸಿ" ಅನ್ನುವುದಷ್ಟೇ ನನ್ನ ಪಾಲು. "ನೀನು ನನ್ನ ಮಾತು ಕೇಳಲ್ವಲ್ಲ, ಅವು ಕೇಳ್ತವೆ" ಅನ್ನುತ್ತಿದ್ದರು. ಮಾತಿಗೆ ಮಾತು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು.

ಆ ಆಟದಲ್ಲೊಂದು ನಿಯಮ ಮಾತ್ರ ಅವರದೇ. ಅದಕ್ಕಾಗಿ ಒಂದು ಕಾಲದಲ್ಲಿ ಅಣ್ಣನ ಜೊತೆ ಮಾತೇ ಬಿಟ್ಟಿದ್ದರು.

"ಹೆಣಕ್ಕೆ ಸ್ವಂತ ಬುದ್ಧಿ ಇರಲ್ಲಣ್ಣ. ಪ್ರತಿ ಸುತ್ತಲ್ಲೂ ಯಜಮಾನ ಬಾಯಿಬಿಟ್ಟು ಅಪ್ಪಣೆ ಕೊಡ್ಬೇಕು. ಕೊಡದಿದ್ರೆ ದಾಳ ಹಾಕು. ಕಮ್ಮಿ ಬಿತ್ತೋ, ಅವು ಅವನ ಮೇಲೇ ತಿರುಗ್ಬೇಕು. ಆಗ ಅವನು 'ನಿಲ್ಲಿ' ಅಂದ್ರೆ ಬಚಾವು. ಅನ್ನದಿದ್ರೆ ಮುಗೀತು."

"ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೋತಿದೀಯ ಕಣೋ."

"ಭಯ ಇಲ್ದೆ ಹೆಣ ಎಬ್ಬಿಸೋದ್ರಲ್ಲಿ ಏನಿದೆ ಮಜಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜನ. ನಿಯಮ ಉಳಿಯಿತು.

ಆಮೇಲೆ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಸೋತಿತು, ಮಾತು ಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಇವರು ಎರಡನ್ನೂ ಬಲ್ಲವರೇ. ಗಾದೆ ಕಟ್ಟಿದವರು ನಮ್ಮನೆ ಕಡೆ ಬಂದಿರಲಿಲ್ಲ ಅಂತ ಕಾಣುತ್ತದೆ. ಬುದ್ಧಿಗೆ ಏನೂ ಆಗಿಲ್ಲ, ಎಲ್ಲಾ ಅರ್ಥವಾಗುತ್ತದೆ, ಮಾತು ಹುಡುಕಿದರೆ ಸಿಗುವುದಿಲ್ಲ ಅಷ್ಟೇ ಎಂದರು ಡಾಕ್ಟರು. ಅಷ್ಟೇ ಅಂತೆ. ಉಳಿದದ್ದು ಮಗ್ಗಿಯ ಹಾಗೆ ಬಾಯಿಗೆ ಬರುವ ಒಂದು, ಎರಡು, ಮೂರು. ಮತ್ತೆ 'ದರಿದ್ರ' ಅನ್ನುವ ಒಂದು ಬೈಗುಳ. ನೀರು ಬೇಕಾದರೂ ದರಿದ್ರ, ಫ್ಯಾನು ಹಾಕಬೇಕಾದರೂ ದರಿದ್ರ. ಮೊದಮೊದಲು ನಾವಿಬ್ಬರೂ ನಕ್ಕೆವು. ಆಮೇಲೆ ಅವರು ನಗುವುದನ್ನು ಬಿಟ್ಟರು. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುವುದನ್ನು ಕಲಿತೆ.

ಭಾನುವಾರದ ಆಟ ಮತ್ತೆ ಶುರುವಾಗಲಿ ಎಂದವರು ಭಾವ. ಮೇಜಿನ ಮೇಲೆ ಅಸ್ಥಿಪಂಜರಗಳನ್ನು ನೋಡಿ ಇವರು ಬೆನ್ನು ನೆಟ್ಟಗೆ ಮಾಡಿ ಕೂತರು. ಎಷ್ಟೋ ದಿನದ ಮೇಲೆ ಹಾಗೆ ಕೂತದ್ದು. ತಮ್ಮ ಸುತ್ತು ಬಂದಾಗ ಕಷ್ಟಪಟ್ಟು "ದರಿದ್ರ" ಎಂದರು.

"ಆಹಾ, ಮುನ್ನುಗ್ಗಿ ಅಂತ ಅಪ್ಪಣೆ ಆಗಿದೆ" ಎಂದ ಲೈನ್‌ಮನ್.

ಇವರು ಅಲ್ಲವೆಂದು ತಲೆಯಾಡಿಸಿ, ಬಾಗಿಲು ಕಾಯಲಿ ಎಂದು ಎಡಗೈಯಲ್ಲಿ ತೋರಿಸಿದರು. ಭಾವ ಹಾಗೇ ನಡೆಸಿದರು. ಕೈ ತೋರಿಸಿಯೂ ತಿಳಿಯದೇ ಹೋದ ಸುತ್ತಿನಲ್ಲಿ ದಾಳ ಹಾಕಿದರು. ಅವರ ಮುಂದೆ ಒಂದು ರಟ್ಟು ನಿಂತಿರುತ್ತದೆ, ದಾಳ ಬೀಳುವುದು ಅದರ ಹಿಂದೆ. "ಹದಿನೇಳು. ನಿನ್ನ ಆಳುಗಳು ಅಲುಗಾಡಲಿಲ್ಲ ಬಿಡು" ಎಂದರು. ಲೋಟ ಇಡಲು ಅವರ ಬೆನ್ನ ಹಿಂದೆ ಬಗ್ಗಿದ್ದ ನನಗೆ ದಾಳ ಕಂಡಿತು. ಬಿದ್ದದ್ದು ಮೂರು.

ನಾನು ತುಟಿ ಬಿಚ್ಚಲಿಲ್ಲ. ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು. ಎಲ್ಲ ಕಡೆ ಸೋತ ಮನುಷ್ಯ ಇಲ್ಲೊಂದು ಕಡೆ ಗೆದ್ದರೆ ಯಾರಪ್ಪನ ಗಂಟು ಹೋಗುತ್ತದೆ? ಭಾವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕತೊಡಗಿದೆ. ವಾರ ವಾರವೂ ಇವರ ಮಾಂತ್ರಿಕ ಗೆಲ್ಲುತ್ತಲೇ ಹೋದ. ವಾರ ವಾರವೂ ಇವರ ಬೆನ್ನು ಬಾಗುತ್ತಾ ಬಂತು. ಅದು ಯಾಕೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಮೊನ್ನೆ ಭಾನುವಾರ ಮಾಂತ್ರಿಕನ ಸುತ್ತಲೂ ಅವನದೇ ಆಳುಗಳು ನಿಂತಿದ್ದವು. ಇವರು ಬಾಯಿ ತೆರೆದರು. ಏನೂ ಬರಲಿಲ್ಲ. ಕೈಯನ್ನೂ ಎತ್ತಲಿಲ್ಲ. ದಾಳ ಉರುಳಿತು.

"ಹದಿನೆಂಟು" ಎಂದರು ಭಾವ.

ಇವರು ಎಡಗೈ ಚಾಚಿ ರಟ್ಟನ್ನು ತಳ್ಳಿದರು. ಅದು ಮಗುಚಿ ಬಿತ್ತು. ಎಲ್ಲರೂ ದಾಳ ನೋಡಿದೆವು. ಇವರು ಅದರ ಮೇಲೆ ಬೆರಳಿಟ್ಟು, "ಒಂದು" ಎಂದರು, ನಿಂತರು, ಉಗುಳು ನುಂಗಿದರು, "ಎರಡು" ಎಂದರು. ಸರಿಯಾಗಿತ್ತು. ಎರಡೇ ಬಿದ್ದಿತ್ತು. ಸ್ಟ್ರೋಕ್ ಆದ ಮೇಲೆ ಅವರು ಹೇಳಬೇಕೆಂದದ್ದನ್ನೇ ಹೇಳಿದ್ದು ಅದೇ ಮೊದಲು.

"ಬಿಡೋ, ಒಂದು ಆಟ ತಾನೇ" ಎಂದರು ಭಾವ, ತಲೆ ಎತ್ತದೆ.

ನನಗೆ ರೇಗಿತು. "ಭಾವ ಹದಿನೆಂಟು ಅಂದ್ರೆ ಹದಿನೆಂಟೇ. ನೀವು ಸುಮ್ನೆ ಆಡಿ" ಎಂದೆ.

ಇವರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ ಆ ನೋಟದಲ್ಲಿ, ಅವಮಾನವಿತ್ತು. ನೀನೂನಾ ಅನ್ನುವ ಹಾಗಿತ್ತು. ಆಗ ನನಗೆ ತಿಳಿಯಿತು. ಸೋಲಲು ಬಿಡದೆ ನಾವು ಮೂವರೂ ಸೇರಿ ಅವರನ್ನು ಆ ಮೇಜಿನಿಂದ ಎಂದೋ ಎಬ್ಬಿಸಿ ಕಳಿಸಿಬಿಟ್ಟಿದ್ದೆವು. ಅಲ್ಲಿ ಕೂತದ್ದು ಅವರ ಶರಟು ಮಾತ್ರ.

ಭಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ರಟ್ಟನ್ನು ಮಡಚಿ ನೆಲಕ್ಕಿಟ್ಟರು. ಕಥೆ ಹೇಳುವ ತಮ್ಮ ಹಳೆಯ ದನಿಯಲ್ಲಿ, "ಎರಡು ಬಿದ್ದಿದೆ. ನಿನ್ನ ಹೆಣಗಳು ನಿನ್ನ ಕಡೆಗೇ ತಿರುಗಿವೆ. ಏನಪ್ಪಣೆ, ಮಾಂತ್ರಿಕರೇ?" ಎಂದರು.

'ನಿಲ್ಲಿ' ಅಂದರೆ ಸಾಕಿತ್ತು. ಇವರ ಕುತ್ತಿಗೆಯ ನರ ಉಬ್ಬಿತು. ತುಟಿ ಕೂಡಿತು, ಬಿಚ್ಚಿತು. "ಒಂದು" ಎಂದರು. ಅಲ್ಲವೆಂದು ಅವರಿಗೇ ಗೊತ್ತಾಗಿ ತಲೆಯಾಡಿಸಿದರು. ಚಹಾದ ಮೇಲೆ ಕೆನೆ ಕಟ್ಟಿತು. ಬಾಯಿಬಡುಕಿ ನಾನು, ಆ ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಲೈನ್‌ಮನ್ ಕಿಟಕಿ ಕಡೆ ಮುಖ ತಿರುಗಿಸಿದ. "ದರಿದ್ರ" ಎಂದರು ಕೊನೆಗೆ, ತೀರಾ ಮೆಲ್ಲಗೆ, ಆಮೇಲೆ ಸೋತೆನೆಂದು ಕೈ ಬೀಸಿದರು.

ಭಾವ ಅಸ್ಥಿಪಂಜರಗಳನ್ನು ಒಂದೊಂದಾಗಿ ಸರಿಸಿದರು. ಮಾಂತ್ರಿಕನನ್ನು ಎರಡು ಬೆರಳಲ್ಲಿ ಹಿಡಿದು ಮಲಗಿಸಿದರು. ಮಲಗಿಸಿದವರು ಮುಖ ಮುಚ್ಚಿಕೊಂಡು ಬಿಕ್ಕಿದರು. "ನಿನ್ನನ್ನ ನಾನೇ ಕೈಯಾರೆ ಸಾಯಿಸಿದ ಹಾಗಾಯ್ತಲ್ಲೋ" ಎಂದರು.

ಇವರು ಮಾತ್ರ ಅಳಲಿಲ್ಲ. ನೆಟ್ಟಗೆ ಕೂತಿದ್ದರು. ಎಡಗೈಯಲ್ಲಿ ಮಾಂತ್ರಿಕನನ್ನು ಎತ್ತಿ ಅಸ್ಥಿಪಂಜರಗಳ ಸಾಲಿನಲ್ಲಿಟ್ಟರು. ಇಡೀ ಸಾಲನ್ನು ನಾನು ನಿಂತಿದ್ದ ಕಡೆಯ ಅಂಚಿಗೆ ದೂಡಿ, ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿದರು.

"ಏನಂತಿದಾರೆ?" ಎಂದೆ.

"ನಿಂಗೆ ಕೂತ್ಕೋ ಅಂತಿದಾನಮ್ಮ" ಎಂದರು ಭಾವ, ಮೂಗು ಒರೆಸಿಕೊಂಡು. "ಸತ್ತವರನ್ನ ಇನ್ನೊಬ್ರು ಎಬ್ಬಿಸ್ಬಹುದು. ಇನ್ಮೇಲೆ ಮಾಂತ್ರಿಕನಿಗೆ ಅಪ್ಪಣೆ ಕೊಡೋದು ನೀನು. ನೀನು ಹೇಳಿದ್ದನ್ನ ಅವನು ಮಾಡ್ತಾನೆ."

"ನಂಗೆ ಈ ಆಟ ಬರಲ್ಲ ಭಾವ."

"ಬರೋದೇನಿದೆ. ಮೊದ್ಲು 'ಏಳಿ' ಅನ್ನು, ಸಾಕು."

ಕೂತೆ. ಆ ಮಾತು ನನಗೆ ಹೊಸದಲ್ಲ. ದಿನಾ ಬೆಳಿಗ್ಗೆ ಅವರ ಕಂಕುಳಿಗೆ ಕೈ ಕೊಟ್ಟು ಹಾಸಿಗೆಯಿಂದ ಎತ್ತುವಾಗ ಅನ್ನುವ ಮಾತೇ ಅದು. ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ. ನನ್ನ ಗಂಡ ಮಾಂತ್ರಿಕನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಾ ಕೂತರು. ಅವಸರ ಮಾಡಲಿಲ್ಲ. ಭಾವನೂ ಕಾದರು, ಲೈನ್‌ಮನ್ನೂ ಕಾದ. ಯಾರೂ ನನ್ನ ಪರವಾಗಿ ಆ ಮಾತನ್ನು ಆಡಲಿಲ್ಲ.