ನೇರಳೆಗೆ ಒಂದು, ಎಳ್ಳಿಗೆ ತೊಂಬತ್ತಾರು

ಬಸುರಿಗೆ ಐದು ತಿಂಗಳು ತುಂಬುವ ಹೊತ್ತಿಗೆ ಸುನಿತಾಳ ಉಗುರುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಸಿಂಧಘಟ್ಟದ ಆ ಮನೆಯಲ್ಲಿ ಎಳ್ಳು, ಹುಚ್ಚೆಳ್ಳು, ಕಡಲೆಬೀಜಕ್ಕೇನೂ ಕೊರತೆಯಿರಲಿಲ್ಲ. ಎಲ್ಲವೂ ಒಳಕೋಣೆಯಲ್ಲಿದ್ದವು, ಕೋಣೆಯ ಬೀಗದ ಕೈ ಅತ್ತೆ ಕುಳ್ಳಮ್ಮನ ಸೊಂಟದಲ್ಲಿತ್ತು.

“ಎಳ್ಳು ಬಿಸಿ ಕಣಮ್ಮಿ, ಬಸುರು ನಿಲ್ಲಾಕಿಲ್ಲ. ನೇರಳೆಹಣ್ಣು ತಿನ್ನು. ಬಾಯೇ ಕೆಂಪಗಾಯ್ತದೆ, ರಕ್ತ ಆಗಾಕಿಲ್ವಾ?” ಎನ್ನುತ್ತಿದ್ದಳು ಕುಳ್ಳಮ್ಮ. ಗಂಡ ಪುಟ್ಟಸ್ವಾಮಿಗೆ ದಿನಾ ಬೆಳಿಗ್ಗೆ ಎಳ್ಳುಂಡೆ, ಸುನಿತಾಳಿಗೆ ಮರದಡಿ ಆಯ್ದ ಹಣ್ಣು.

ಏಳನೇ ತಿಂಗಳಲ್ಲಿ ಮಗು ಹೋಯಿತು. ಮೈಯಲ್ಲಿ ರಕ್ತವೇ ಇಲ್ಲವೆಂದು ಡಾಕ್ಟರು ಹೇಳಿದ್ದನ್ನು ಪುಟ್ಟಸ್ವಾಮಿ ಕಿವಿಯಾರೆ ಕೇಳಿಸಿಕೊಂಡಿದ್ದ. ಆದರೆ ಮೂರನೇ ದಿನ ಕುಳ್ಳಮ್ಮ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಎಳ್ಳನ್ನು ಊರ ಅರಳಿಕಟ್ಟೆಗೆ ತಂದು ಬಿಚ್ಚಿಟ್ಟಳು.

“ಇವ್ಳ ದಿಂಬಿನ ಕೆಳ್ಗೆ ಸಿಕ್ತು. ಕದ್ದು ಮುಕ್ಕಿ ನನ್ನ ಮೊಮ್ಮಗೀನ ತಿಂದ್ಕಂಡವ್ಳೆ.”

ಸುನಿತಾ ಗಂಡನ ಮುಖ ನೋಡಿದಳು. ಅವನು ತನ್ನ ಎಕ್ಕಡ ನೋಡುತ್ತ ನಿಂತಿದ್ದ. ಅದೇ ವಾರ ಅಪ್ಪ ಕರಿಯಪ್ಪ ಬಂದು ಮಗಳನ್ನು ಚಿನಕುರಳಿಗೆ ಕರೆದುಕೊಂಡು ಹೋದ. ವರ್ಷ ತುಂಬುವಷ್ಟರಲ್ಲಿ ಪುಟ್ಟಸ್ವಾಮಿಗೆ ಇನ್ನೊಂದು ಮದುವೆಯಾಯಿತು.

ಹೊಟ್ಟೆಯ ಮಗುವನ್ನು ಕೊಂದವಳೆಂಬ ಮಾತು ಸುನಿತಾಳಿಗಿಂತ ಮೊದಲೇ ಎಲ್ಲ ಊರಿಗೂ ಹೋಗಿ ಕೂತಿರುತ್ತಿತ್ತು. ಸೀಮಂತಕ್ಕೆ ಯಾರೂ ಅವಳನ್ನು ಕರೆಯಲಿಲ್ಲ. ಅವಳು ಅಳುವುದನ್ನು ಬಿಟ್ಟು ಹಲ್ಲು ಕಚ್ಚುವುದನ್ನು ಕಲಿತಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಊರಿನ ಅಂಗನವಾಡಿಗೆ ಕಾರ್ಯಕರ್ತೆಯಾದಳು. ತರಬೇತಿಯಲ್ಲಿ ಕೊಟ್ಟ ಪುಸ್ತಕದ ಕೊನೆಗೆ ಒಂದು ಪಟ್ಟಿ ಇತ್ತು: ಯಾವ ಹಣ್ಣಿನಲ್ಲಿ ಏನೆಷ್ಟು, ಯಾವ ಬೀಜದಲ್ಲಿ ಏನೆಷ್ಟು. ನೂರು ಗ್ರಾಂ ನೇರಳೆಯಲ್ಲಿ ಸುಣ್ಣದ ಅಂಶ ಹದಿನೈದು ಮಿಲಿಗ್ರಾಂ. ಅಷ್ಟೇ ಎಳ್ಳಿನಲ್ಲಿ ಸಾವಿರದ ನಾನೂರ ಐವತ್ತು. ಕಬ್ಬಿಣದ ಅಂಶವೂ ಎಳ್ಳಿನಲ್ಲೇ ಎಷ್ಟೋ ಪಟ್ಟು ಹೆಚ್ಚು. ಸುನಿತಾಳ ಬೆರಳು ಆ ಸಾಲಿನ ಮೇಲೆ ನಿಂತುಬಿಟ್ಟಿತು. ಬೇರೆಯವರು ದೇವರ ನಾಮ ಬಾಯಿಪಾಠ ಮಾಡುವ ಹಾಗೆ ಅವಳು ಆ ಪಟ್ಟಿಯನ್ನು ಮಾಡಿಕೊಂಡಳು, ಐದು ವರ್ಷ ಕಾದಳು.

ತೊಂಬತ್ತೆಂಟರ ಆಷಾಢದಲ್ಲಿ ಜಿಲ್ಲೆಯ ತುಂಬ ಪೌಷ್ಟಿಕ ಆಹಾರದ ಶಿಬಿರಗಳು ನಡೆದವು. ಕೆ.ಆರ್. ಪೇಟೆ ಕಡೆಗೆ ಮಾತಾಡಲು ಯಾರು ಹೋಗುತ್ತೀರಿ ಎಂದು ಮೇಲ್ವಿಚಾರಕಿ ಕೇಳಿದಾಗ ಸುನಿತಾ ಕೈ ಎತ್ತಿದಳು. “ನಾನು ಸಿಂಧಘಟ್ಟಕ್ಕೆ ಹೋಗ್ತೀನಿ ಮೇಡಂ.”

ಶಾಲೆಯ ಅಂಗಳದಲ್ಲಿ ಎಪ್ಪತ್ತು ಎಂಬತ್ತು ಹೆಂಗಸರು ಸೇರಿದ್ದರು. ಮುಂದಿನ ಸಾಲಿನಲ್ಲೇ ಕುಳ್ಳಮ್ಮ, ಅವಳ ಪಕ್ಕ ಹೊಸ ಸೊಸೆ ಮಾದೇವಿ. ಮಾದೇವಿಗೆ ಆರು ತಿಂಗಳು. ತುಟಿ ಬಿಳಿಚಿಕೊಂಡಿತ್ತು, ನಾಲಗೆ ಮಾತ್ರ ನೇರಳೆ ಬಣ್ಣವಾಗಿತ್ತು. ಸುನಿತಾಳನ್ನು ಕಂಡದ್ದೇ ಕುಳ್ಳಮ್ಮ ಏಳಲು ಹೊರಟಳು.

“ಎಲ್ಗೋಗ್ತೀರಿ ಅತ್ತೆ? ನಿಮ್ಮಿಂದ್ಲೇ ಒಂದು ಕೆಲಸ ಆಗ್ಬೇಕು, ಬನ್ನಿ,” ಎಂದಳು ಸುನಿತಾ. ಊರೆಲ್ಲ ನೋಡುತ್ತಿರುವಾಗ ಒಲ್ಲೆ ಎನ್ನಲಾಗದೆ ಕುಳ್ಳಮ್ಮ ಮುಂದೆ ಬಂದಳು.

ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು, ಒಂದರಲ್ಲಿ ನೇರಳೆಹಣ್ಣು, ಇನ್ನೊಂದರಲ್ಲಿ ಕರಿ ಎಳ್ಳು. ಎರಡೂ ಒಂದೇ ತೂಕ. ಸುನಿತಾ ನೇರಳೆಯ ಮುಂದೆ ಒಂದು ಹುಣಸೆಬೀಜ ಇಟ್ಟಳು. “ಮಗೀನ ಮೂಳೆಗೆ ಬೇಕಾದ ಸುಣ್ಣ ಈ ಹಣ್ಣಲ್ಲಿ ಇಷ್ಟದೆ ಅಂತ ಇಟ್ಕಳಿ. ಎಳ್ಳಲ್ಲಿ ಎಷ್ಟದೆ ಅಂತ ಅತ್ತೆ ಎಣಿಸ್ತಾರೆ. ಜೋರಾಗಿ ಎಣಿಸಿ.”

ಕುಳ್ಳಮ್ಮ ಬೀಜ ಇಡುತ್ತ ಎಣಿಸತೊಡಗಿದಳು. ಹತ್ತಾಯಿತು, ಇಪ್ಪತ್ತಾಯಿತು. “ಇನ್ನೂನಾ?” ಎಂದಳು. “ಇನ್ನೂ.” ನಲವತ್ತಕ್ಕೆ ಲೆಕ್ಕ ತಪ್ಪಿತು, ಸುನಿತಾ ಮತ್ತೆ ಮೊದಲಿಂದ ಎಣಿಸುವಂತೆ ಮಾಡಿದಳು. ಅತ್ತೆಯ ಹಣೆಯ ಬೆವರು ಮೇಜಿನ ಮೇಲೆ ತೊಟ್ಟಿಕ್ಕುವುದನ್ನು ನೋಡುತ್ತಿದ್ದರೆ ಸುನಿತಾಳ ಒಡಲಿಗೆ ತಂಪಾಗುತ್ತಿತ್ತು. ತೊಂಬತ್ತಾರಕ್ಕೆ ಸಾಕೆಂದಳು.

“ಅಂಗಾರೆ ಹಣ್ಣು ದಂಡ ಅನ್ನು,” ಎಂದಳು ಹಿಂದಿನಿಂದ ಒಬ್ಬಳು.

“ಇಲ್ಲ ಕಣಕ್ಕ. ನೆಲ್ಲಿಕಾಯಂಥ ಹಣ್ಣಿನ ಹುಳೀಲಿ ಇರೋ ಸತ್ವ ಎಳ್ಳಲ್ಲಿಲ್ಲ. ಆ ಹುಳಿ ಜೊತೆಗಿದ್ರೆ ಬೀಜದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ. ಹಣ್ಣೂ ಬೇಕು, ಬೀಜಾನೂ ಬೇಕು. ಒಂದನ್ನ ಕೈಗೆ ಕೊಟ್ಟು ಇನ್ನೊಂದಕ್ಕೆ ಬೀಗ ಜಡಿಯೋದೈತಲ್ಲ, ಅದು ಕೊಲೆ.”

ಕುಳ್ಳಮ್ಮನಿಗೆ ತಡೆಯಲಾಗಲಿಲ್ಲ. “ಬಸುರಿ ಎಳ್ಳು ತಿಂದ್ರೆ ಮಗಾ ಉಳಿಯಾಕಿಲ್ಲ! ಇವ್ಳೇ ಸಾಕ್ಷಿ!”

ಆಗ ಪಕ್ಕದ ಮನೆಯ ಮುದುಕಿ ಅಣ್ಣಮ್ಮ ಕೋಲೂರಿ ಎದ್ದು ನಿಂತಳು. “ಲೇ ಕುಳ್ಳಿ, ಪುಟ್ಟಸ್ವಾಮಿ ನಿನ್ನ ಹೊಟ್ಟೇಲಿದ್ದಾಗ ನಮ್ಮನೇಗೆ ಬಂದು ಬಂದು ಎಳ್ಳುಂಡೆ ತಿಂದ್ಯಲ್ಲ, ನಾನೇ ಕಟ್ಟಿಕೊಟ್ಟಿದ್ದು. ಕೋಣನಂಗೆ ಬೆಳ್ದವ್ನಲ್ಲೇ ಅವ್ನು!”

ಒಬ್ಬಳು ನಕ್ಕಳು, ಆಮೇಲೆ ಅಂಗಳವೆಲ್ಲ ನಕ್ಕಿತು. ಮಾದೇವಿ ಮಾತ್ರ ನಗಲಿಲ್ಲ. ಸುನಿತಾ ಅವಳ ಬಳಿ ಹೋಗಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆಲ್ಲ ಬಿಳಿ. ಈ ಹುಡುಗಿಯನ್ನೂ ಇಷ್ಟು ವರ್ಷ ದ್ವೇಷಿಸಿದ್ದಳು. ಅತ್ತೆಯ ಮನೆ ಇನ್ನೊಮ್ಮೆ ಬರಿದಾದರೆ ಆಗಲಿ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಆ ಕಣ್ಣು ಕಂಡು ತನ್ನ ಹಗೆಗೆ ಬೇರೆ ದಾರಿ ಹೊಳೆಯಿತು.

“ಇವತ್ತೇ ಆಸ್ಪತ್ರೇಲಿ ತೋರಿಸ್ಕೊ. ಆಮೇಲೆ ತವರಿಗೆ ಹೋಗು,” ಎಂದು ಕಿವಿಯಲ್ಲಿ ಹೇಳಿದಳು. “ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ದಿಂಬಿನ ಕೆಳಗೂ ಎಳ್ಳು ಸಿಗ್ತದೆ.”

ಮಾದೇವಿ ಮರುದಿನವೇ ಮಾಕವಳ್ಳಿಯ ತವರಿಗೆ ಹೊರಟಳು. ಆಸ್ಪತ್ರೆಯ ಮಾತ್ರೆ, ಎಳ್ಳು, ಒಣಗಿಸಿದ ನೆಲ್ಲಿಚಟ್ಟು, ಸೊಪ್ಪು, ಎಲ್ಲ ನಡೆಯಿತು. ಸುನಿತಾ ತಿಂಗಳಿಗೆರಡು ಸಲ ಎರಡು ಬಸ್ಸು ಬದಲಿಸಿ ಹೋಗಿ ನೋಡಿ ಬರುತ್ತಿದ್ದಳು. ಅದು ಪ್ರೀತಿಯೆಂದು ಮಾದೇವಿಯ ತವರಿನವರು ತಿಳಿದರು. ಸುನಿತಾ ತಿದ್ದಲು ಹೋಗಲಿಲ್ಲ. ತುಂಬು ತಿಂಗಳಿಗೆ ಗಂಡು ಹುಟ್ಟಿತು.

ಮೂರು ತಿಂಗಳಿಗೆ ಕುಳ್ಳಮ್ಮ, ಪುಟ್ಟಸ್ವಾಮಿ, ಅವರ ಊರಿನ ನಾಲ್ವರು ಹಿರಿಯರು ಸೊಸೆಯನ್ನೂ ಮೊಮ್ಮಗನನ್ನೂ ಕರೆದೊಯ್ಯಲು ಬಂದರು. ಮಾದೇವಿ ಹೊಸ್ತಿಲ ಒಳಗೇ ನಿಂತು, “ಸುನಿತಕ್ಕನ ದಿಂಬಿನ ಕೆಳ್ಗೆ ಆ ಎಳ್ಳು ಯಾರಿಟ್ಟಿದ್ದು ಅಂತ ಇವ್ರ ಮುಂದೆ ಹೇಳಿ. ಆಮೇಲೆ ಬತ್ತೀನಿ,” ಎಂದಳು. ಸುನಿತಾ ಜಗಲಿಯ ಮೇಲೆ ಕೂತಿದ್ದಳು. ಮಾದೇವಿಯ ತವರಿನವರು ಅವಳಿಗೆ ಮೊದಲೇ ಹೇಳಿಕಳಿಸಿದ್ದರು.

ಒಳಗೆ ಮಗು ಅಳತೊಡಗಿತು. ಕುಳ್ಳಮ್ಮ ಒಳಗೆ ಇಣುಕಿದಳು. “ನಾನೇ ಇಟ್ಟೆ,” ಎಂದಳು, ಸೆರಗಿನೊಳಗೆ ಬಾಯಿಟ್ಟು.

“ಕೇಳ್ನಿಲ್ಲ ಅತ್ತೆ,” ಎಂದಳು ಸುನಿತಾ.

“ನಾನೇ ಇಟ್ಟೆ.”

“ಹಿರೀಕರ್ಗೆ ಕೇಳ್ಲಿ. ಮಗೀನ ಕೊಂದೋರು ಯಾರು, ಅದನ್ನೂ ಹೇಳಿ.”

ಪುಟ್ಟಸ್ವಾಮಿ, “ಸಾಕು ಬುಡು ಸುನಿತಾ,” ಎಂದ. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಅವಳು ಅವನ ಕಡೆ ತಿರುಗಲಿಲ್ಲ.

ಕುಳ್ಳಮ್ಮ ನೆಲಕ್ಕೆ ಕುಸಿದು ಕೂತಳು. “ಎಳ್ಳಿಗೆ ಬೀಗ ಹಾಕ್ದೋಳು ನಾನು. ಸೊಸೇದೇನೂ ತಪ್ಪಿಲ್ಲ. ನಾನೇ ಕೊಂದೆ,” ಎಂದು ಕೂಗಿ ಅಳತೊಡಗಿದಳು. ಹಿರಿಯರು ತಲೆ ತಗ್ಗಿಸಿದರು.

ಆ ಗಳಿಗೆಯಲ್ಲಿ ತನಗೆ ಕರುಣೆ ಬರಬಹುದು ಎಂದು ಸುನಿತಾ ದಾರಿಯುದ್ದಕ್ಕೂ ಅಂಜಿದ್ದಳು. ಬರಲಿಲ್ಲ. ಚಪ್ಪಲಿ ಮೆಟ್ಟಿ, ಮಾದೇವಿಗೆ ತಲೆಯಾಡಿಸಿ, ಬಸ್ ನಿಲ್ದಾಣದ ಕಡೆ ನಡೆದಳು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು. ಅವಳಿಗೆ ಜೋರು ಹಸಿವಾಗಿತ್ತು. ನಿಲ್ದಾಣದ ಹೋಟೆಲಿನಲ್ಲಿ ಕೂತು ನಾಲ್ಕು ಇಡ್ಲಿ ತಿಂದಳು, ಮತ್ತೆರಡು ತರಿಸಿಕೊಂಡಳು.