ಮೊಳದುದ್ದದ ಟೇಪು

ಟಕ್ ಎಂದು ಡಬ್ಬಿಯ ಮುಚ್ಚಳ ತೆರೆದ ಸದ್ದಿಗೆ ಅವಳು ಗೋಡೆಗೊರಗಿದ್ದ ತಲೆಯನ್ನು ಎತ್ತಿದಳು. ನಡುರಾತ್ರಿ ಕಳೆದಿತ್ತು. ಮಂಚದ ಮೇಲೆ ಅಪ್ಪನ ದೇಹ, ಅದರ ಕಾಲ ಬಳಿ ತಮ್ಮ. ಸ್ಟುಡಿಯೋದಲ್ಲಿ ಹಾಡಿನ ಟೇಪು ಕತ್ತರಿಸಿ ಅಂಟಿಸುತ್ತಿದ್ದ ಅಪ್ಪ ಬ್ಲೇಡು ಇಡುತ್ತಿದ್ದ ತಗಡಿನ ಡಬ್ಬಿ ತಮ್ಮನ ತೊಡೆಯ ಮೇಲಿತ್ತು. ಅದರೊಳಗಿಂದ ಮೊಳದುದ್ದದ ಕಂದು ಟೇಪನ್ನು ಅವನು ಬೆಳಕಿಗೆ ಹಿಡಿದಿದ್ದ.

“ಇದೇ ಅಕ್ಕ, ಅಪ್ಪ ಆ ಜೋಗುಳದಿಂದ ಕತ್ತರಿಸಿದ ಚೂರು.”

“ಒಳಗಿಡು.”

“ನಾಳೆ ಅದನ್ನ ಹಾಡಿದ ಆಯಮ್ಮ ಬರ್ತಾಳೆ, ಹಿಂದೇನೇ ರೇಡಿಯೋದವರೂ ಬರ್ತಾರೆ. ಕೊನೇ ಸಾಲಿಗೆ ಮುಂಚೆ ಒಂದು ಮೌನ ಬರುತ್ತಲ್ಲ, ಅದಕ್ಕೇ ಅವಳನ್ನ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಅದು ಅಪ್ಪನ ಕೈ ಜಾರಿ ಆದದ್ದು. ಅಪ್ಪನಿಗೆ ಸಿಕ್ಕಿದ್ದೇನು? ಸ್ಟುಡಿಯೋದ ಉಗ್ರಾಣ. ಈ ಚೂರು ಕೇಳಿಸಿದ್ರೆ ಆ ಮೌನ ಅಪ್ಪನದಲ್ಲ ಅಂತ ಯಾರೂ ಅನ್ನೋಕಾಗಲ್ಲ.”

“ಅಪ್ಪನೇ ಬಾಯಿ ಬಿಡಲಿಲ್ಲ.”

“ಅಪ್ಪನಿಗೆ ಬಾಯಿ ಎಲ್ಲಿತ್ತು?”

ಅವಳು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡಳು. “ಬೆಳಿಗ್ಗೆ ಕೊಡ್ತೀನಿ. ಹೋಗಿ ಮಲಗು.”

*

ಚಿಕ್ಕವಳಿದ್ದಾಗ ಅವಳಿಗೆ ಹಳೆಯ ಸ್ಪೀಕರಿನ ಬೆನ್ನಿಗಿದ್ದ ಅಯಸ್ಕಾಂತವೇ ಆಟಿಕೆ. ಒಮ್ಮೆ ಪಿನ್ನುಗಳ ಜೊತೆ ಟೇಪಿನ ತುಂಡೊಂದನ್ನೂ ಅದಕ್ಕೆ ಉಜ್ಜಿದಳು. ಅಪ್ಪ ಬೈಯಲಿಲ್ಲ. ತುಂಡನ್ನು ಯಂತ್ರಕ್ಕೆ ಜೋಡಿಸಿ ಕೇಳಿಸಿದ. ಬರೀ ಸುಯ್ಯೆನ್ನುವ ಸದ್ದು.

“ನೋಡು, ಮೂಕ ಮಾಡಿಬಿಟ್ಟೆ. ಇನ್ನು ಯಾರು ಬಂದ್ರೂ ಇದನ್ನ ಮಾತಾಡ್ಸೋಕಾಗಲ್ಲ.”

ಆ ವರ್ಷವೇ ಅಪ್ಪನನ್ನು ಉಗ್ರಾಣಕ್ಕೆ ಹಾಕಿದರು. ಕೇಳಿದ್ದಕ್ಕೆ “ಕೈ ಜಾರಿತು” ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದ. ಕತ್ತರಿಸುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದವನ ಕೈ ಜಾರಿತೆಂದರೆ ಅವಳಿಗೆ ನಂಬಿಕೆ ಬರಲಿಲ್ಲ.

*

ಬೆಳಿಗ್ಗೆ ಬೀದಿಯ ಕುರ್ಚಿಗಳೆಲ್ಲ ತುಂಬಿದ್ದವು. ಸ್ಟುಡಿಯೋದಲ್ಲಿ ಡ್ರಮ್ಮು ಬಾರಿಸುತ್ತಿದ್ದ ಮುದುಕ ಪಕ್ಕದವರಿಗೆ ಹೇಳುತ್ತಿದ್ದ: “ನನ್ನ ಕೆಮ್ಮನ್ನೆಲ್ಲ ಕತ್ತರಿಸಿ ಎಸೆದ ಪುಣ್ಯಾತ್ಮ. ಇಲ್ಲದಿದ್ರೆ ನನಗೆ ದಮ್ಮಿದೆ ಅಂತ ಲೋಕಕ್ಕೆಲ್ಲ ಗೊತ್ತಾಗ್ತಿತ್ತು.”

ಗಾಯಕಿ ಕೋಲೂರಿಕೊಂಡು ಬಂದಳು. ರೇಡಿಯೋದವನು ಮೈಕು ಚಾಚಿದ. ಅವಳು ನೀರು ಕೇಳುವ ನೆಪದಲ್ಲಿ ಮಗಳ ಹಿಂದೆ ಒಳಕೋಣೆಗೆ ಬಂದು ಬಾಗಿಲು ಮುಚ್ಚಿದಳು.

“ಅಪ್ಪನ ಹತ್ರ ಒಂದು ಸಣ್ಣ ಡಬ್ಬಿ ಇತ್ತಲ್ಲಮ್ಮ?”

ಮಗಳು ಸೊಂಟಕ್ಕೆ ಸಿಕ್ಕಿಸಿದ್ದ ಡಬ್ಬಿಯನ್ನು ತೆಗೆದು ತೋರಿಸಿದಳು.

“ಅವರ ಕೈ ಜಾರಲಿಲ್ಲ. ‘ಕಂದ’ ಅಂತ ಹಾಡಬೇಕಿದ್ದ ಕಡೆ ನನ್ನ ಬಾಯಲ್ಲಿ ಒಂದು ಹೆಸರು ಬಂದುಬಿಡ್ತು. ಮದುವೆಗೆ ಮುಂಚೆ ಹೆತ್ತು ಬೇರೆಯವರಿಗೆ ಕೊಟ್ಟ ಮಗು ಅದು. ಸ್ಟುಡಿಯೋ ಮಾಲೀಕರ ಕಿವಿಗೆ ಬೀಳೋ ಮುಂಚೆ ನಿಮ್ಮಪ್ಪ ಕತ್ತರಿಸಿ, ಖಾಲಿ ಟೇಪು ಹಾಕಿ, ಬೈಗುಳನೂ ತಾವೇ ತಿಂದ್ರು.”

“ಎಸೀಬಹುದಿತ್ತಲ್ಲ?”

“ನಾನೂ ಅದೇ ಅಂದೆ. ಎಸೆಯೋಕೆ ಕೈ ಬರಲ್ಲಮ್ಮ, ಇದರಲ್ಲಿ ಮಗು ಇದೆ ಅಂದ್ರು.” ಗಾಯಕಿ ತುಟಿ ಒರೆಸಿಕೊಂಡಳು. “ಈಗ ಆ ಮಗುವಿಗೇ ಮೊಮ್ಮಕ್ಕಳಿದ್ದಾರಂತೆ. ತನ್ನನ್ನ ಹೆತ್ತದ್ದು ಯಾರು ಅಂತ ಗೊತ್ತಿಲ್ಲ. ಅಂಥ ಹೆಸರು ಬೇರೆ ಯಾರಿಗೂ ಇಲ್ಲ, ಕೇಳಿದ ತಕ್ಷಣ ತಿಳಿದುಹೋಗುತ್ತೆ. ನಾನು ಒಂದೇ ಒಂದು ಸಲ ಕೇಳ್ಕೊಂಡು ಹೋಗೋಣ ಅಂತ ಬಂದೆ.”

ಬಾಗಿಲು ಬಡಿದ ಸದ್ದು. “ಅಕ್ಕ, ಡಬ್ಬಿ ಕೊಡು. ಅಪ್ಪನ್ನ ಒಯ್ಯೋ ಗಾಡಿ ಬರೋ ಹೊತ್ತಾಯ್ತು, ರೇಡಿಯೋದವರು ಅಪ್ಪನ ಯಂತ್ರದಲ್ಲೇ ಹಾಕ್ತಾರಂತೆ.”

“ಬಂದೆ ಇರು.” ಅವಳು ದನಿ ತಗ್ಗಿಸಿದಳು. “ಇದನ್ನ ಮೂಕ ಮಾಡಬಹುದು. ಆಮೇಲೆ ನೀವೂ ಕೇಳೋಕಾಗಲ್ಲ.”

ಗಾಯಕಿ ಟೇಪನ್ನು ಒಂದೇ ಬೆರಳಿನಿಂದ, ಮಲಗಿದ ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿದಳು. ಬಾಗಿಲು ಮತ್ತೆ ಬಡಿಯಿತು.

“ಮಾಡಮ್ಮ.”

ಮೂಲೆಯಲ್ಲಿ ಅದೇ ಹಳೆಯ ಸ್ಪೀಕರ್ ಬೋರಲಾಗಿ ಬಿದ್ದಿತ್ತು. ಅವಳು ಟೇಪನ್ನು ಅದರ ಬೆನ್ನಿಗೆ ಒತ್ತಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಮತ್ತೆ ಮತ್ತೆ ಎಳೆದಳು.

ರೇಡಿಯೋದವನು ಚೂರನ್ನು ಜೋಡಿಸಿ ಗುಂಡಿ ಒತ್ತಿದ. ಬೀದಿಯ ಮಾತೆಲ್ಲ ನಿಂತಿತು. ಸುಯ್ಯೆಂದಿತು, ಮುಗಿಯಿತು. ಮತ್ತೊಮ್ಮೆ ಹಾಕಿದ. ಅದೇ ಸುಯ್. ಗಾಯಕಿ ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಹಳೇ ಟೇಪು ಅಲ್ವಾ, ಏನೂ ಉಳಿದಿಲ್ಲ,” ಎಂದು ಅವನು ವೈರು ಸುತ್ತತೊಡಗಿದ.

ಅಕ್ಕನ ಮುಖವನ್ನೇ ತಮ್ಮ ನೋಡಿದ. “ರಾತ್ರಿಯೆಲ್ಲ ನಿನ್ನ ಹತ್ರಾನೇ ಇತ್ತು.”

“ಇತ್ತು.”

ಅವನು ಟೇಪನ್ನು ಸುರುಳಿ ಸುತ್ತಿ ಅಪ್ಪನ ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದ. ಹೊರಗೆ ಗಾಡಿ ಬಂದು ನಿಂತಿತು. ಅವನು ಮತ್ತೆ ಕೇಳುತ್ತಾನೆ, ಇವತ್ತಲ್ಲದಿದ್ದರೆ ನಾಳೆ. ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು, ಕಂದು ಪುಡಿ ಅಂಟಿದ್ದ ಹೆಬ್ಬೆರಳನ್ನು ಅವಳು ಮುಷ್ಟಿಯೊಳಗೆ ಮಡಚಿದಳು.